ಮೈಟೊಕಾಂಡ್ರಿಯ ಕಾಯಿಲೆಗಳ ಪತ್ತೆಯಲ್ಲಿ ಜೈವಿಕ ಸೂಚಕಗಳು: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಮಾನವ ಶರೀರದ ಬಹುತೇಕ ಜೀವಕೋಶಗಳಲ್ಲಿ ಆಹಾರದಿಂದ ಶಕ್ತಿಯನ್ನು ಉತ್ಪಾದಿಸುವ ಮೈಟೊಕಾಂಡ್ರಿಯ ಎಂಬ ಸೂಕ್ಷ್ಮ ಘಟಕಗಳಿರುತ್ತವೆ. ವಂಶವಾಹಿಗಳ ದೋಷದಿಂದ ಇವುಗಳ ಕಾರ್ಯ ಕುಂಠಿತವಾದಾಗ, ಹೆಚ್ಚು ಶಕ್ತಿ ಬೇಡುವ ಮೆದುಳು, ಸ್ನಾಯು, ಹೃದಯ, ಕಣ್ಣು ಹಾಗೂ ಕಿವಿಗಳು ಮುಖ್ಯವಾಗಿ ಬಾಧೆಗೊಳಗಾಗುತ್ತವೆ. ಮೂರ್ಛೆ, ಸ್ನಾಯು ದೌರ್ಬಲ್ಯ, ರೆಪ್ಪೆ ಜೋಲುವುದು, ಶ್ರವಣದೋಷ ಮುಂತಾದ ಲಕ್ಷಣಗಳು ಪರಸ್ಪರ ಸಂಬಂಧವಿಲ್ಲದಂತೆ ತೋರುವುದರಿಂದ ರೋಗನಿರ್ಣಯ ವಿಳಂಬವಾಗುವುದುಂಟು. ಒಂದೇ ರಕ್ತ ಪರೀಕ್ಷೆಯ ವರದಿಯನ್ನು ಅಂತಿಮವೆಂದು ಭಾವಿಸಿ ಕುಟುಂಬದವರು ಅನಗತ್ಯ ಭೀತಿಗಾಗಲಿ, ತಪ್ಪು ನೆಮ್ಮದಿಗಾಗಲಿ ಒಳಗಾಗಬಾರದೆಂಬ ಉದ್ದೇಶದಿಂದ ಈ ಮಾಹಿತಿಯನ್ನು ನೀಡಲಾಗಿದೆ.

1. ಜೈವಿಕ ಸೂಚಕ ಎಂದರೇನು?

ರಕ್ತ, ಮೂತ್ರ ಅಥವಾ ಅಂಗಾಂಶದಲ್ಲಿ ಅಳೆಯಬಹುದಾದ, ಕಾಯಿಲೆಯ ಸುಳಿವು ನೀಡುವ ಅಂಶವೇ ಜೈವಿಕ ಸೂಚಕ. ಕಾಯಿಲೆಯ ಪ್ರಗತಿಯನ್ನು ಗಮನಿಸಲು ಹಾಗೂ ಹೊಸ ಔಷಧಗಳ ಪರಿಣಾಮವನ್ನು ಅಧ್ಯಯನ ಮಾಡಲು ಸಹ ಇವು ಉಪಯುಕ್ತವಾಗಿವೆ.

2. ಪ್ರಮುಖ ಸೂಚಕಗಳು

(ಅ) ಲ್ಯಾಕ್ಟೇಟ್: ಮೈಟೊಕಾಂಡ್ರಿಯ ಸರಿಯಾಗಿ ಕೆಲಸ ಮಾಡದಿದ್ದಲ್ಲಿ ರಕ್ತದಲ್ಲಿ ಲ್ಯಾಕ್ಟೇಟ್ ಸಂಗ್ರಹವಾಗುತ್ತದೆ. ಆದರೆ ಕಾಯಿಲೆಯಿರುವ ಹಲವರಲ್ಲಿ ಇದರ ಪ್ರಮಾಣ ಸಹಜವಾಗಿಯೇ ಇರಬಹುದು.

(ಆ) ರಕ್ತದ ಅಮೈನೋ ಆಮ್ಲಗಳು ಹಾಗೂ ಮೂತ್ರದ ಸಾವಯವ ಆಮ್ಲಗಳು: ಇವುಗಳಲ್ಲಿನ ವ್ಯತ್ಯಾಸ, ವಿಶೇಷವಾಗಿ ಅಲನಿನ್ ಹೆಚ್ಚಳ, ವೈದ್ಯರ ಸಂಶಯವನ್ನು ಬಲಪಡಿಸುತ್ತದೆ.

(ಇ) ಎಫ್‌ಜಿಎಫ್-21 ಮತ್ತು ಜಿಡಿಎಫ್-15: ಎಫ್‌ಜಿಎಫ್-21 ಪ್ರೋಟೀನು ಸ್ನಾಯುಗಳನ್ನು ಬಾಧಿಸುವ ಮೈಟೊಕಾಂಡ್ರಿಯ ಕಾಯಿಲೆಗಳ ಸೂಚಕವಾಗಬಲ್ಲದೆಂದು 2011ರಲ್ಲಿ ವರದಿಯಾಯಿತು. ಜಿಡಿಎಫ್-15 ಅನಂತರ ಬಳಕೆಗೆ ಬಂದಿತು. ಸ್ಥೂಲಕಾಯ ಮತ್ತು ಯಕೃತ್ತಿನ ತೊಂದರೆಗಳಲ್ಲಿ ಮೊದಲನೆಯದು, ಗರ್ಭಾವಸ್ಥೆ, ಮೂತ್ರಪಿಂಡದ ಕಾಯಿಲೆ, ಕ್ಯಾನ್ಸರ್ ಹಾಗೂ ಮೆಟ್‌ಫಾರ್ಮಿನ್ ಸೇವನೆಯಲ್ಲಿ ಎರಡನೆಯದು ಏರುವ ಕಾರಣ, ಇವು ಸಹ ಸ್ವತಂತ್ರ ಪುರಾವೆಗಳಲ್ಲ.

3. ರಕ್ತದ ಮಾದರಿ ನೀಡುವಾಗ ಗಮನಿಸಬೇಕಾದ ಅಂಶಗಳು

ಮಗು ಅತ್ತು ಕೈಕಾಲು ಬಡಿದರೆ ಅಥವಾ ತೋಳಿಗೆ ಪಟ್ಟಿಯನ್ನು ಬಹಳ ಹೊತ್ತು ಬಿಗಿದಿಟ್ಟರೆ ಲ್ಯಾಕ್ಟೇಟ್ ಸುಳ್ಳಾಗಿ ಏರುತ್ತದೆ. ಸಂಗ್ರಹಿಸಿದ ರಕ್ತವನ್ನು ಮಂಜುಗಡ್ಡೆಯಲ್ಲಿರಿಸಿ ಶೀಘ್ರವಾಗಿ ಪ್ರಯೋಗಾಲಯಕ್ಕೆ ತಲುಪಿಸುವುದು ಅವಶ್ಯ. ಮಗುವನ್ನು ಸಮಾಧಾನಪಡಿಸಲು ಸಮಯ ನೀಡುವಂತೆ ಪೋಷಕರು ಸಿಬ್ಬಂದಿಯನ್ನು ಕೋರಬಹುದು. ಅನುಮಾನವಿದ್ದಲ್ಲಿ ಪರೀಕ್ಷೆಯನ್ನು ಪುನಃ ಮಾಡಿಸುವುದು ಸೂಕ್ತ.

4. ನಿರ್ಣಯ ಹೇಗೆ?

ಸೂಚಕಗಳು ದಾರಿ ತೋರುತ್ತವೆ. ಕಾಯಿಲೆಯನ್ನು ಸಾಮಾನ್ಯವಾಗಿ ದೃಢಪಡಿಸುವುದು ವಂಶವಾಹಿ ಪರೀಕ್ಷೆ. ಅಗತ್ಯವಿದ್ದಲ್ಲಿ ಸ್ನಾಯುವಿನ ತುಣುಕನ್ನು ಸಹ ಪರೀಕ್ಷಿಸಲಾಗುತ್ತದೆ. ಮೈಟೊಕಾಂಡ್ರಿಯದ ಡಿಎನ್‌ಎಯಲ್ಲಿ 37 ವಂಶವಾಹಿಗಳಿದ್ದು, ಅದು ತಾಯಿಯಿಂದ ಬರುತ್ತದೆ. ಉಳಿದ ಅನೇಕ ವಂಶವಾಹಿಗಳು ಕೋಶಕೇಂದ್ರದಲ್ಲಿದ್ದು ತಂದೆತಾಯಿಗಳಿಬ್ಬರಿಂದಲೂ ಬರುವುದರಿಂದ, ತಾಯಿಯನ್ನು ದೂಷಿಸುವುದು ಸರ್ವಥಾ ಸಲ್ಲದು. ಮೆಲಾಸ್ ಕಾಯಿಲೆಗೆ ಸಾಮಾನ್ಯ ಕಾರಣವಾದ, ಈ ಡಿಎನ್‌ಎಯ 3243ನೇ ಸ್ಥಾನದ ದೋಷವು ವಯಸ್ಸಾದಂತೆ ರಕ್ತದಲ್ಲಿ ಕಡಿಮೆಯಾಗುತ್ತದೆ. ಆದ್ದರಿಂದ ವಯಸ್ಕರಲ್ಲಿ ಮೂತ್ರದ ಮಾದರಿಯು ಹೆಚ್ಚು ವಿಶ್ವಾಸಾರ್ಹ.

ಖಚಿತ ನಿರ್ಣಯದಿಂದ ಚಿಕಿತ್ಸೆಯೂ ಬದಲಾಗುತ್ತದೆ. ಪೋಲ್‌ಜಿ ಎಂಬ ವಂಶವಾಹಿಯ ದೋಷವಿರುವವರಿಗೆ ಮೂರ್ಛೆಗೆ ನೀಡುವ ಸೋಡಿಯಂ ವಾಲ್ಪ್ರೊಯೇಟ್ ಯಕೃತ್ತಿಗೆ ಮಾರಕವಾಗಬಲ್ಲದು. ಆದರೆ ವೈದ್ಯರನ್ನು ಕೇಳದೆ ಯಾವುದೇ ಔಷಧವನ್ನು ಹಠಾತ್ತನೆ ನಿಲ್ಲಿಸಬಾರದು.

5. ಅರ್ಜಿದಾರರ ಗಮನಕ್ಕೆ

(ಅ) 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರವನ್ನು, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೊಂದಿಗೆ, ಉತ್ಕೃಷ್ಟತಾ ಕೇಂದ್ರವೆಂದು ಗುರುತಿಸಲಾಗಿದೆ. ಧನಸಹಾಯವು ನೀತಿಯ ಪಟ್ಟಿಯಲ್ಲಿರುವ ಕಾಯಿಲೆಗಳಿಗೆ ಮಾತ್ರ ಅನ್ವಯಿಸುವುದರಿಂದ, ತಮ್ಮ ಕಾಯಿಲೆ ಸೇರಿದೆಯೇ ಎಂಬುದನ್ನು ಮೊದಲೇ ವಿಚಾರಿಸತಕ್ಕದ್ದು.

(ಆ) ಅಂಗವಿಕಲತೆ ಪ್ರಮಾಣಪತ್ರವನ್ನು 2016ರ ಕಾಯ್ದೆಯನ್ವಯ ವೈಕಲ್ಯದ ಪ್ರಮಾಣವನ್ನು ಅಳೆದು ನೀಡಲಾಗುತ್ತದೆಯೇ ಹೊರತು, ಲ್ಯಾಕ್ಟೇಟ್ ವರದಿಯೊಂದನ್ನೇ ಆಧರಿಸಿ ಅಲ್ಲ. ಕಾಯ್ದೆಯಡಿಯ ಹಲವು ಸೌಲಭ್ಯಗಳಿಗೆ ಕನಿಷ್ಠ ಶೇ. 40ರಷ್ಟು ವೈಕಲ್ಯ ಅಗತ್ಯ.

(ಇ) ಹಳೆಯ ವರದಿಗಳು, ಸೇವಿಸುತ್ತಿರುವ ಔಷಧಗಳ ಪಟ್ಟಿ ಹಾಗೂ ಕುಟುಂಬದಲ್ಲಿ ಇದೇ ಬಗೆಯ ಕಾಯಿಲೆ ಇದ್ದವರ ವಿವರಗಳನ್ನು ವೈದ್ಯರ ಬಳಿಗೆ ತಪ್ಪದೇ ಒಯ್ಯುವುದು.

ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕಾಗಿ ಕೋರಲಾಗಿದೆ.