ಫೋನಿನೊಳಗಿನ ಬೆಂಕಿ

ಹೈದರಾಬಾದಿನ ನಾಚಾರಂನಂಥ ಕೈಗಾರಿಕಾ ಪ್ರದೇಶಗಳಲ್ಲಿ ಅಗ್ನಿ ಸುರಕ್ಷತೆಯ ತರಬೇತಿ ಸಾಮಾನ್ಯವಾಗಿ ನಡೆಯುವುದು ಹೀಗೆ: ಟ್ರೇಯಲ್ಲಿ ಎಣ್ಣೆ ಸುರಿದು ಬೆಂಕಿ ಹಚ್ಚುತ್ತಾರೆ, ಒಬ್ಬ ಆರಿಸುತ್ತಾನೆ, ಉಳಿದವರು ನಿಂತು ನೋಡುತ್ತಾರೆ. ಹಾಗೆ ನೋಡಿದವರು ಎಷ್ಟು ಕಲಿತರೋ!

ಆಗ್ಮೆಂಟೆಡ್ ರಿಯಾಲಿಟಿ ಆಸೆ ಹುಟ್ಟಿಸುವುದು ಇಲ್ಲೇ. ಫೋನಿನ ಕ್ಯಾಮೆರಾ ಹಿಡಿದರೆ ಖಾಲಿ ನೆಲದ ಮೇಲೆ ಜ್ವಾಲೆ ಏಳುತ್ತದೆ. ಬೆಂಕಿ ಆರಿಸುವ ಗುರಿ ಜ್ವಾಲೆಯ ತುದಿಗಿದ್ದರೆ ಆರದು, ಬುಡಕ್ಕೆ ಹಿಡಿದರೆ ಮಾತ್ರ ತಗ್ಗುವಂತೆ ಮಾಡಬಹುದು. ಎಷ್ಟು ಸಲ ತಪ್ಪಿದರೂ ಯಾರ ಕೈಯೂ ಸುಡುವುದಿಲ್ಲ.

ಆದರೆ ಕಾರ್ಮಿಕರು ಇದನ್ನು ಒಪ್ಪುತ್ತಾರೆಯೇ? ಜನ ಹೊಸ ತಂತ್ರಜ್ಞಾನವನ್ನು ಏಕೆ ಒಪ್ಪುತ್ತಾರೆ ಎಂಬುದಕ್ಕೆ 1989ರಲ್ಲಿ ಫ್ರೆಡ್ ಡೇವಿಸ್ ಎರಡು ಕಾರಣ ಗುರುತಿಸಿದರು: ಅದು ಕೆಲಸಕ್ಕೆ ಬರುತ್ತದೆಂಬ ನಂಬಿಕೆ, ಬಳಸಲು ಸುಲಭವೆಂಬ ಅನಿಸಿಕೆ. 2003ರಲ್ಲಿ ವಿಶ್ವನಾಥ್ ವೆಂಕಟೇಶ್ ಮತ್ತು ಸಂಗಡಿಗರು (ಡೇವಿಸ್ ಕೂಡ ಅವರಲ್ಲೊಬ್ಬರು) ಸುತ್ತಲಿನವರ ಪ್ರಭಾವವನ್ನೂ ಅನುಕೂಲ ಸೌಕರ್ಯಗಳನ್ನೂ ಸೇರಿಸಿದರು. ಡೇವಿಸ್ ತಮ್ಮ ಎರಡು ಕಾರಣಗಳನ್ನು ಅಳೆಯುವ ಪ್ರಶ್ನೆಗಳನ್ನು ಒರೆಗೆ ಹಚ್ಚಿದ್ದು ಇಮೇಲ್‌ನಂಥ ಕಚೇರಿ ಸಾಫ್ಟ್‌ವೇರ್ ಬಳಸುವವರ ಮೇಲೆ. ಕಾರ್ಖಾನೆಯ ನೆಲದ ಮೇಲೆ ‘ಸುಲಭ’ ಎಂಬುದರ ಲೆಕ್ಕವೇ ಬೇರೆ.

ಫೋನಿನ ಗಾಜು ಬೆರಳನ್ನು ಗುರುತಿಸುವುದು ಚರ್ಮದ ವಿದ್ಯುತ್ ವಾಹಕ ಗುಣದಿಂದ. ದಪ್ಪ ರಬ್ಬರ್ ಗ್ಲೌಸ್ ಹಾಕಿದ ಕೈ ಅದಕ್ಕೆ ಕಾಣುವುದೇ ಇಲ್ಲ. ಜ್ವಾಲೆಯನ್ನು ಒಂದೇ ಜಾಗದಲ್ಲಿ ನಿಲ್ಲಿಸಲು ಫೋನು ನೆಲದ ಕಲೆ, ಬಿರುಕು, ಅಂಚುಗಳನ್ನು ಗುರುತಿಟ್ಟುಕೊಂಡು, ತನ್ನ ಚಲನೆಯನ್ನು ಸೆನ್ಸರ್‌ಗಳಿಂದ ಅಳೆಯುತ್ತದೆ. ನುಣ್ಣನೆಯ ನೆಲ, ಮಂದ ಬೆಳಕು ಇದ್ದರೆ ಬೆಂಕಿ ಜಾರಿಕೊಂಡು ಗೋಡೆ ಹತ್ತೀತು. ಸುತ್ತ ನಿಂತವರು ನಕ್ಕರೆ ಪಾಠ ಮುಗಿದಂತೆಯೇ. ಇನ್ನು, ಬೇಗ ಹೊತ್ತಿಕೊಳ್ಳುವ ಆವಿ ಏಳುವ ಸಾಲ್ವೆಂಟ್ ವಿಭಾಗಕ್ಕೆ ಸಾಮಾನ್ಯ ಫೋನು ಒಯ್ಯುವಂತೆಯೇ ಇಲ್ಲ, ಕಿಡಿಯ ಭಯ. ಅಪಾಯ ಹೆಚ್ಚಿರುವ ಜಾಗದ ಪಾಠ ತರಬೇತಿ ಕೋಣೆಯಲ್ಲೇ ನಡೆಯಬೇಕು.

ಭಾಷೆಯೂ ಇದೆ. ಬೀದರ್, ಕಲಬುರಗಿ ಕಡೆಯಿಂದ ಹೈದರಾಬಾದಿಗೆ ದುಡಿಯಲು ಹೋದವರಿಗೆ ಇಂಗ್ಲಿಷ್ ಸೂಚನೆ ಓದಿಸಿ ‘ಬಳಸಲು ಸುಲಭವೇ?’ ಎಂದು ಕೇಳುವುದು ತಮಾಷೆಯೇ ಸರಿ. ಭೋಪಾಲ್ ದುರಂತದ ನಂತರ, 1987ರಲ್ಲಿ, ಆಗಿನ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ಸುರಕ್ಷತಾ ತರಬೇತಿಯನ್ನು ಕಾರ್ಮಿಕನ ಹಕ್ಕಾಗಿಸಿದರು. ತಿಳಿಯದ ಭಾಷೆಯಲ್ಲಿ ಕೊಟ್ಟರೆ ಆ ಹಕ್ಕು ಕಾಗದದಲ್ಲೇ ಉಳಿಯುತ್ತದೆ.

ತರಬೇತಿ ಮುಗಿದ ಕೂಡಲೇ, ಸೂಪರ್‌ವೈಸರ್ ಎದುರಿಗೇ ಅಭಿಪ್ರಾಯ ಕೇಳಿದರೆ ‘ಚೆನ್ನಾಗಿತ್ತು ಸಾರ್’ ಎನ್ನದವರು ವಿರಳ. ಹೊಸತರ ಮೋಹವೂ ಅದರಲ್ಲಿ ಬೆರೆತಿರುತ್ತದೆ. ಕೆಲವು ತಿಂಗಳು ಬಿಟ್ಟು, ಅವರ ಕೈಗೆ ಬೆಂಕಿ ಆರಿಸುವ ನಿಜವಾದ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಕೊಟ್ಟು ನೋಡುವುದು ವಾಸಿ. ಅದರ ಭಾರವನ್ನಾಗಲೀ, ಅನಿಲ ನುಗ್ಗುವಾಗ ಬರಿಗೈಯಲ್ಲಿ ಹಿಡಿದವರನ್ನು ಗಾಯಗೊಳಿಸಬಲ್ಲಷ್ಟು ತಣ್ಣಗಾಗುವ ಮೂತಿಯ, ಅಂದರೆ ಹಾರ್ನ್‌ನ ಚಳಿಯನ್ನಾಗಲೀ ಫೋನು ಕಲಿಸಿರುವುದಿಲ್ಲ.