ಹೊಸ ಪೈಲಟರಿಗೆ ವಿದೇಶದ ಕೆಲಸ: ಹಣ ಕಟ್ಟುವ ಮುನ್ನ ತಿಳಿಯತಕ್ಕ ಸಂಗತಿಗಳು

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಹೆಚ್ಚಿನವರು ಗಿರಣಿ, ಕಚೇರಿ, ಹೋಟೆಲುಗಳಲ್ಲಿ ದುಡಿಯುವವರು. ಇಂಥ ಮನೆಗಳ ಮಕ್ಕಳೂ ಈಗ ವಿಮಾನ ನಡೆಸುವ ವಿದ್ಯೆ ಕಲಿಯಲು ಹೊರಟಿರುವುದು ಸಂತೋಷದ ಸಂಗತಿ. ಆದರೆ ಊರಿನ ತೋಟವನ್ನೋ ಇಲ್ಲಿನ ಮನೆಯನ್ನೋ ಒತ್ತೆಯಿಟ್ಟು ಕಲಿಸಿದ ಮೇಲೆ ಸ್ವದೇಶದಲ್ಲಿ ಕೂಡಲೇ ಕೆಲಸ ದೊರೆಯದಿದ್ದರೆ ಬ್ಯಾಂಕಿನ ಬಡ್ಡಿ ಕಾಯುವುದಿಲ್ಲ. ಆಗ “ವಿದೇಶದಲ್ಲಿ ಕೆಲಸ ಕೊಡಿಸುತ್ತೇವೆ, ಇನ್ನಷ್ಟು ಹಣ ಕಟ್ಟಿ” ಎನ್ನುವವರ ಮಾತಿಗೆ ಮನಸ್ಸು ವಾಲುತ್ತದೆ. ಆದುದರಿಂದ ಆ ದಾರಿಯ ನಿಜಸ್ಥಿತಿಯನ್ನು ಇಲ್ಲಿ ವಿವರಿಸುತ್ತೇವೆ.

ಮೊದಲು ‘ಟೈಪ್ ರೇಟಿಂಗ್’ ಎಂದರೇನೆಂದು ನೋಡೋಣ. ನಮ್ಮ ದೇಶದಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸು ಪಡೆಯಲು ೧೮ ವರ್ಷ ತುಂಬಿರಬೇಕು. ೨೦೦ ಗಂಟೆಗಳ ಹಾರಾಟ ಆಗಿರಬೇಕು. ಈ ಹಾರಾಟವೆಲ್ಲ ಸಾಮಾನ್ಯವಾಗಿ ಚಿಕ್ಕ ವಿಮಾನಗಳಲ್ಲಿ ಆದದ್ದು. ಏರ್‌ಬಸ್ ೩೨೦, ಬೋಯಿಂಗ್ ೭೩೭ ಮೊದಲಾದ ದೊಡ್ಡ ವಿಮಾನಗಳಿಗೆ ಆಯಾ ಮಾದರಿಗೇ ಬೇರೆ ಶಿಕ್ಷಣ ಬೇಕು. ತರಗತಿಯ ಪಾಠ, ಸಿಮ್ಯುಲೇಟರ್ ಎಂಬ ಅಣಕು ವಿಮಾನದಲ್ಲಿ ಅಭ್ಯಾಸ, ಪರೀಕ್ಷೆ, ಇವೆಲ್ಲ ಮುಗಿದ ಬಳಿಕ ಲೈಸೆನ್ಸಿನಲ್ಲಿ ಆ ಮಾದರಿಯ ಹೆಸರನ್ನು ನಮೂದಿಸುತ್ತಾರೆ. ಅದೇ ಟೈಪ್ ರೇಟಿಂಗ್. ಗಿರಣಿಯವರಿಗೆ ಇದು ಬೇಗ ತಿಳಿದೀತು. ಬದಲಿ ಕಾರ್ಡು ಕೈಗೆ ಬಂದ ಮಾತ್ರಕ್ಕೆ ಯಾರೂ ಖಾಯಂ ಆಗುವುದಿಲ್ಲ. ಟೈಪ್ ರೇಟಿಂಗಿನ ಸ್ಥಿತಿಯೂ ಅಂಥದೇ.

ವಿದೇಶಕ್ಕೆ ಹೊರಟವರಿಗೆ ಎದುರಾಗುವ ಮೊದಲನೆಯ ಅಡ್ಡಿ ಕಾನೂನಿನದು. ೧೯೪೪ರಲ್ಲಿ ಶಿಕಾಗೋ ನಗರದಲ್ಲಿ ಆದ ಅಂತರರಾಷ್ಟ್ರೀಯ ಒಡಂಬಡಿಕೆಯ ೩೨ನೆಯ ವಿಧಿಯಂತೆ, ದೇಶದಿಂದ ದೇಶಕ್ಕೆ ಹಾರುವ ವಿಮಾನವು ಎಲ್ಲಿ ನೋಂದಣಿಯಾಗಿದೆಯೋ ಆ ದೇಶವೇ ಅದರ ಪೈಲಟನಿಗೆ ಲೈಸೆನ್ಸು ಕೊಟ್ಟಿರಬೇಕು, ಇಲ್ಲವೆ ಬೇರೆ ದೇಶ ಕೊಟ್ಟದ್ದನ್ನು ಮಾನ್ಯ ಮಾಡಿರಬೇಕು. ಅಂದರೆ ಭಾರತದ ಲೈಸೆನ್ಸು ಇದ್ದ ಮಾತ್ರಕ್ಕೆ ಬೇರೆ ದೇಶದ ವಿಮಾನ ನಡೆಸಲಾಗದು. ಯೂರೋಪಿನ ಕಂಪನಿಗಳಿಗೆ ಸೇರಬೇಕಾದರೆ ಅಲ್ಲಿನ ೧೩ ವಿಷಯಗಳ ಪರೀಕ್ಷೆಗಳನ್ನು ಹೊಸದಾಗಿ ಪಾಸು ಮಾಡಬೇಕಾಗುತ್ತದೆ. ಅಮೆರಿಕದಲ್ಲಿ ೨೦೦೯ರಲ್ಲಿ ಬಫಲೋ ನಗರದ ಬಳಿ ನಡೆದ ಅಪಘಾತದ ನಂತರ ನಿಯಮ ಬಿಗಿಯಾಯಿತು. ೨೦೧೩ರಿಂದ ಪ್ರಯಾಣಿಕ ವಿಮಾನದ ಸಹ ಪೈಲಟನಿಗೂ ಸಾಮಾನ್ಯವಾಗಿ ೧೫೦೦ ಗಂಟೆಗಳ ಅನುಭವ ಬೇಕು. ಇದಲ್ಲದೆ ಆ ದೇಶದಲ್ಲಿ ದುಡಿಯುವ ಅನುಮತಿ ಬೇರೆಯೇ ಬೇಕು.

ಎರಡನೆಯ ಅಡ್ಡಿ ಅನುಭವದ್ದು. ಪರದೇಶದ ಕಂಪನಿಗಳು ತಮ್ಮವರಲ್ಲಿ ಸಿಕ್ಕದ ಜನಕ್ಕಾಗಿ ಹೊರಗಿನವರನ್ನು ಕರೆಯುತ್ತವೆ. ಹೀಗೆ ಕರೆಯುವುದು ಬಹುಮಟ್ಟಿಗೆ ನುರಿತ ಕ್ಯಾಪ್ಟನ್ನರನ್ನು, ಅಥವಾ ಅದೇ ಮಾದರಿಯಲ್ಲಿ ನೂರಾರು ಗಂಟೆ ಹಾರಿದ ಸಹ ಪೈಲಟರನ್ನು. ಈಗತಾನೆ ರೇಟಿಂಗ್ ಪಡೆದವನ ಬಳಿ ಆ ಗಂಟೆಗಳೇ ಇರುವುದಿಲ್ಲ.

ಈ ಕೊರತೆಯನ್ನೇ ಕೆಲವರು ವ್ಯಾಪಾರ ಮಾಡಿಕೊಂಡಿದ್ದಾರೆ. ಇಷ್ಟು ಹಣ ಕಟ್ಟಿದರೆ ಇಷ್ಟು ಗಂಟೆ ಹಾರಿಸುತ್ತೇವೆ ಎಂಬುದು ಅವರ ಕರಾರು. ಸಂಬಳ ಕೊಟ್ಟು ಕೂರಿಸಬೇಕಾದ ಜಾಗದಲ್ಲಿ ಹಣ ಕೊಟ್ಟವನು ಕೂರುತ್ತಾನೆ. ಅವನ ಗಂಟೆಗಳು ಮುಗಿದೊಡನೆ ಹಣ ಹಿಡಿದ ಇನ್ನೊಬ್ಬ ಬರುತ್ತಾನೆ. ಹೀಗೆ ನಡೆಯುವ ಕಡೆ ಮೊದಲನೆಯವನನ್ನು ಸಂಬಳಕ್ಕೆ ಇಟ್ಟುಕೊಳ್ಳುವ ಅಗತ್ಯ ಕಂಪನಿಗೆ ಏನಿದೆ? ಗಂಟೆ ಮುಗಿದ ಮೇಲೆ ಕೆಲಸ ಉಂಟೆ, ಸಂಬಳ ಎಷ್ಟು, ನಡುವೆ ನಿಂತರೆ ಹಣ ಮರಳುವುದೆ, ಈ ಮೂರಕ್ಕೂ ಉತ್ತರ ಬರವಣಿಗೆಯಲ್ಲಿ ಇಲ್ಲದಿದ್ದರೆ ಒಂದು ರೂಪಾಯಿಯನ್ನೂ ಕಟ್ಟತಕ್ಕದ್ದಲ್ಲ.

ಕಡಿಮೆ ಗಂಟೆಯವರಿಗೆ ಎಡೆಯಿರುವ ಸ್ಥಳಗಳು ಇಲ್ಲವೆಂದಲ್ಲ. ಆಫ್ರಿಕದ ಬೋಟ್ಸ್‌ವಾನಾದ ಮೌನ್ ಪಟ್ಟಣದಿಂದ ಪ್ರವಾಸಿಗಳನ್ನು ಸಾಗಿಸುವ ಚಿಕ್ಕ ಸೆಸ್ನಾ ವಿಮಾನಗಳಿವೆ. ಇಂಡೋನೇಷ್ಯದಲ್ಲಿ ೨೦೦೪ರಲ್ಲಿ ಆರಂಭವಾದ ಸೂಸಿ ಏರ್ ಕಂಪನಿಯು ಹೊರದೇಶದ ತರುಣ ಪೈಲಟರನ್ನು ಬಹಳವಾಗಿ ಸೇರಿಸಿಕೊಂಡಿತು. ಆದರೆ ಅಲ್ಲಿ ಏರ್‌ಬಸ್ಸಿನ ರೇಟಿಂಗ್ ಕೆಲಸಕ್ಕೆ ಬಾರದು. ಗುಡ್ಡಗಾಡಿನ ಗಿಡ್ಡ ರನ್‌ವೇಗಳಲ್ಲಿ ಇಳಿಯುವ ಚಾತುರ್ಯ ಬೇಕು. ಅಪಾಯವೂ ಉಂಟು. ೨೦೨೩ರ ಫೆಬ್ರುವರಿಯಲ್ಲಿ ಆ ಕಂಪನಿಯ ನ್ಯೂಜಿಲೆಂಡಿನ ಪೈಲಟರೊಬ್ಬರನ್ನು ಪಾಪುವಾ ಪ್ರಾಂತದ ಬಂಡಾಯಗಾರರು ಸೆರೆಹಿಡಿದರು. ಬಿಡುಗಡೆಯಾದದ್ದು ೨೦೨೪ರ ಸೆಪ್ಟೆಂಬರಿನಲ್ಲಿ.

ಇನ್ನು ಕಾಗದಪತ್ರಗಳ ವಿಚಾರ. ಕೆಲಸ ಕೊಡುವ ಮುನ್ನ ಪರದೇಶದ ಇಲಾಖೆಯು ನಮ್ಮ ಡಿ.ಜಿ.ಸಿ.ಎ. ಕಚೇರಿಯಿಂದ ಲೈಸೆನ್ಸು ನಿಜವೆಂದು ಖಚಿತಪಡಿಸಿಕೊಳ್ಳುತ್ತದೆ. ಲಾಗ್ ಪುಸ್ತಕದಲ್ಲಿ ಒಂದು ಗಂಟೆಯನ್ನೂ ಹೆಚ್ಚಿಗೆ ಬರೆಯಬಾರದು. ೨೦೨೦ರ ಜೂನಿನಲ್ಲಿ ಪಾಕಿಸ್ತಾನದ ವಿಮಾನಯಾನ ಸಚಿವರು ತಮ್ಮ ದೇಶದ ೨೬೨ ಪೈಲಟರ ಲೈಸೆನ್ಸುಗಳು ಸಂಶಯಾಸ್ಪದವೆಂದು ಹೇಳಿದೊಡನೆ, ವಿಯೆಟ್ನಾಂ ತನ್ನಲ್ಲಿದ್ದ ಪಾಕಿಸ್ತಾನಿ ಪೈಲಟರನ್ನೆಲ್ಲ ಹಾರಾಟದಿಂದ ನಿಲ್ಲಿಸಿತು. ತಪ್ಪಿಲ್ಲದವರೂ ಅದರಲ್ಲಿ ಸಿಕ್ಕಿಕೊಂಡರು. ಲೈಸೆನ್ಸಿನ ಜೊತೆಗೆ ವೈದ್ಯಕೀಯ ಪ್ರಮಾಣಪತ್ರ ಚಾಲ್ತಿಯಲ್ಲಿರಬೇಕು. ಇಂಗ್ಲಿಷ್ ಮಾತಿನ ಪರೀಕ್ಷೆಯಲ್ಲಿ ಆರು ಹಂತಗಳ ಪೈಕಿ ನಾಲ್ಕನೆಯದಾದರೂ ದೊರೆತಿರಬೇಕು. ಕೈ ಬಿಟ್ಟರೆ ವಿದ್ಯೆ ಮಾಸುತ್ತದೆಂದು ಕಾನೂನೂ ಬಲ್ಲದು. ಪ್ರಯಾಣಿಕರನ್ನು ಸಾಗಿಸುವ ಪೈಲಟನು ಹಿಂದಿನ ೯೦ ದಿನಗಳಲ್ಲಿ ೩ ಸಲ ಏರಿ ೩ ಸಲ ಇಳಿದಿರಬೇಕೆಂಬುದು ನಿಯಮ. ಇದನ್ನು ಸಿಮ್ಯುಲೇಟರಿನಲ್ಲಿಯೂ ಪೂರೈಸಬಹುದು. ಕೆಲಸವಿಲ್ಲದೆ ಕುಳಿತವನು ಇದಕ್ಕೂ ಹಣ ತೆಗೆದಿಡಬೇಕು.

ನಮ್ಮ ಸಲಹೆ ಇಷ್ಟು. ಮೊದಲು ಸ್ವದೇಶದಲ್ಲಿ ಯಾವ ಚಿಕ್ಕ ಕೆಲಸ ಸಿಕ್ಕರೂ ಸೇರಿ ಗಂಟೆಗಳನ್ನು ಕೂಡಿಸಿಕೊಳ್ಳುವುದು ಮೇಲು. ಹಾಗೆ ಸೇರುವಾಗ ೨೦೧೭ರ ನಿಯಮ ನೆನಪಿರಲಿ: ಕೆಲಸ ಬಿಡಬೇಕಾದರೆ ಸಹ ಪೈಲಟನು ೬ ತಿಂಗಳು, ಕ್ಯಾಪ್ಟನ್ನನು ೧ ವರ್ಷ ಮುಂಚಿತವಾಗಿ ನೋಟೀಸು ಕೊಡಬೇಕೆಂದು ಅದು ವಿಧಿಸಿತು. ವಿದೇಶದ ಜಾಹಿರಾತು ಕಂಡರೆ ನೇರವಾಗಿ ಆ ಕಂಪನಿಗೇ ಬರೆದು ಕೇಳಬೇಕು. ನಡುವೆ ಏಜೆಂಟನಿದ್ದರೆ ೧೯೮೩ರ ವಲಸೆ ಕಾಯಿದೆಯಂತೆ ಅವನು ಸರ್ಕಾರದಲ್ಲಿ ನೋಂದಣಿಯಾದವನೇ ಎಂದು ವಿದೇಶಾಂಗ ಖಾತೆಯ ಪಟ್ಟಿಯಲ್ಲಿ ನೋಡಬೇಕು. ಇಂಥ ಏಜೆಂಟರು ೩೦,೦೦೦ ರೂಪಾಯಿ ಮತ್ತು ಅದರ ಮೇಲಿನ ತೆರಿಗೆಗಿಂತ ಹೆಚ್ಚು ಸೇವಾಶುಲ್ಕ ಪಡೆಯಕೂಡದೆಂದು ಆ ಖಾತೆಯು ೨೦೨೩ರಲ್ಲಿ ಮತ್ತೆ ಎಚ್ಚರಿಸಿತು. ಲಕ್ಷಗಳ ಲೆಕ್ಕದಲ್ಲಿ ಕೇಳುವವನು ಯಾವ ಬಗೆಯವನೆಂಬುದು ಅಲ್ಲಿಗೇ ತಿಳಿಯುತ್ತದೆ.

ಯಾರಿಗಾದರೂ ಕರಾರುಪತ್ರ ಬಂದಿದ್ದರೆ ವಾಚನಾಲಯಕ್ಕೆ ತರಲಿ. ಕುಳಿತು ಸಾಲುಸಾಲಾಗಿ ಓದಿ ಅರ್ಥ ಹೇಳಲು ನಾವು ಸಿದ್ಧರಿದ್ದೇವೆ. ಆದರೆ ಸಹಿ ಹಾಕುವ ಮುಂಚೆಯೇ ತರಬೇಕೆಂದು ವಿನಂತಿ.