ಡ್ಯೂಟಿ, ಮನೆ, ನಡುವೆ ಒಂದು ಡಿಗ್ರಿ

"ನೌಕರಿ ಸಿಕ್ಕೈತಲ್ಲವ್ವಾ, ಇನ್ನೂ ಯಾತರ ಓದು?"

ನರ್ಸ್ ಕೆಲಸದಲ್ಲಿರುವ ಮಗಳೋ ಸೊಸೆಯೋ ಪುಸ್ತಕ ಹಿಡಿದರೆ ನಮ್ಮ ಮನೆಗಳಲ್ಲಿ ಮೊದಲು ಬರುವ ಮಾತು ಇದು. ಆದರೆ ಅವಳ ಆಸೆಗೆ ಕಾರಣವಿದೆ. ಜಿಎನ್‌ಎಂ ಡಿಪ್ಲೊಮಾ ಮಾಡಿದವಳು ವಾರ್ಡಿನಲ್ಲಿ ಎಷ್ಟೇ ನುರಿತಿದ್ದರೂ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳಬೇಕಾದರೆ ಡಿಗ್ರಿ ಬೇಕು. ಮೊದಲು ಪೋಸ್ಟ್ ಬೇಸಿಕ್ ಬಿ.ಎಸ್‌ಸಿ., ಆಮೇಲೆ ಎರಡು ವರ್ಷದ ಎಂ.ಎಸ್‌ಸಿ. ಇದೇ ಮೆಟ್ಟಿಲು.

ತಂಬ್ರಹಳ್ಳಿಯಂಥ ಊರಿನಲ್ಲಿ ಇರುವವಳಿಗೆ ಈ ಮೆಟ್ಟಿಲು ಸುಲಭವಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕು 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು, ನಿಜ. ಆದರೂ ದೊಡ್ಡ ಓದಿಗೆ ಬಳ್ಳಾರಿ, ಬೆಂಗಳೂರು ಎಂದೇ ಹೊರಡಬೇಕು. ಕೆಲಸ ಬಿಟ್ಟರೆ ಸಂಬಳವಿಲ್ಲ, ಮಕ್ಕಳನ್ನು ಬಿಟ್ಟರೆ ಮನಸ್ಸು ನಿಲ್ಲುವುದಿಲ್ಲ. ಅಂಥ ಹೊತ್ತಿನಲ್ಲಿ ಮೊಬೈಲಿನಲ್ಲಿ "ಮನೆಯಲ್ಲೇ ಕುಳಿತು ನರ್ಸಿಂಗ್ ಎಂ.ಎಸ್‌ಸಿ." ಎಂಬ ಜಾಹೀರಾತು ಕಂಡರೆ ಯಾರಿಗೆ ಆಸೆಯಾಗದು?

ಸ್ವಲ್ಪ ತಾಳಿ. ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಕೊಡಕೂಡದ ಕೋರ್ಸುಗಳೆಂದು ಯುಜಿಸಿ ಹಾಕಿರುವ ಪಟ್ಟಿಯಲ್ಲಿ ನರ್ಸಿಂಗೂ ಇದೆ. ಹಾಗೆ ಪಡೆದ ಎಂ.ಎಸ್‌ಸಿ.ಯನ್ನು ಭಾರತೀಯ ನರ್ಸಿಂಗ್ ಪರಿಷತ್ತು ಒಪ್ಪುವುದಿಲ್ಲ. ಒಡವೆ ಅಡವಿಟ್ಟು ಫೀಸು ಕಟ್ಟಿ, ಕೊನೆಗೆ ಕೈಗೆ ಬಂದ ಸರ್ಟಿಫಿಕೇಟು ಗೋಡೆಗೆ ತೂಗುಹಾಕಲಷ್ಟೇ ಆದರೆ ಆ ಸಂಕಟ ಯಾರಿಗೆ ಬೇಕು?

ಈ ಕಟ್ಟುನಿಟ್ಟು ಯಾಕೆ ಎನ್ನುತ್ತೀರಾ? ಅಡುಗೆ ಪುಸ್ತಕ ಬಾಯಿಪಾಠ ಮಾಡಿದ ಮಾತ್ರಕ್ಕೆ ರೊಟ್ಟಿ ಬಡಿಯಲು ಬರುತ್ತದೆಯೇ? ಹೆರಿಗೆ ಕೋಣೆಯ ಕೆಲಸವನ್ನೂ ಕೈಯಿಂದಲೇ ಕಲಿಯಬೇಕು. ಅಮೆರಿಕದಲ್ಲಿ ನರ್ಸುಗಳು ಆನ್‌ಲೈನ್‌ನಲ್ಲಿ ಮಾಸ್ಟರ್ಸ್ ಓದುತ್ತಾರೆ. ಪಾಠ ಮನೆಯಲ್ಲಾದರೂ ರೋಗಿಗಳ ಬಳಿ ಇಂತಿಷ್ಟು ಗಂಟೆ ಕೆಲಸ ಕಲಿಯುವುದು ಅಲ್ಲಿಯೂ ತಪ್ಪುವುದಿಲ್ಲ.

ಹಾಗಾದರೆ ನಮ್ಮವಳಿಗೆ ದಾರಿಯೇ ಇಲ್ಲವೇ? ಇದೆ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋ, ಕೆಲಸದಲ್ಲಿರುವ ನರ್ಸುಗಳಿಗಾಗಿಯೇ 1994ರಲ್ಲಿ ಪೋಸ್ಟ್ ಬೇಸಿಕ್ ಬಿ.ಎಸ್‌ಸಿ. ಆರಂಭಿಸಿತು. ಜಿಎನ್‌ಎಂ ಮುಗಿಸಿ, ಹೆಸರು ನೋಂದಾಯಿಸಿ, ಅನುಭವ ಪಡೆದವರಿಗೆ ಪ್ರವೇಶ ಪರೀಕ್ಷೆ. ಕಾಲೇಜಿನಲ್ಲಿ ಎರಡು ವರ್ಷದ್ದು ಇಲ್ಲಿ ಕನಿಷ್ಠ ಮೂರು ವರ್ಷ. ಪಾಠ ಮನೆಗೆ ಬಂದರೂ ಪ್ರಾಯೋಗಿಕ ತರಗತಿಗೆ ಕೇಂದ್ರಕ್ಕೆ ಹೋಗಲೇಬೇಕು. ಹಳ್ಳಿಯ ಆರೋಗ್ಯ ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯಾಧಿಕಾರಿಗಳಾಗಲು ಆರು ತಿಂಗಳ ಸರ್ಟಿಫಿಕೇಟ್ ಕೋರ್ಸನ್ನೂ ಇಗ್ನೋ ನಡೆಸಿದೆ.

ಹಣ ಕಟ್ಟುವ ಮುಂಚೆ ಇಷ್ಟು ಮಾಡಿ:

• ಕೋರ್ಸಿಗೆ ಮಾನ್ಯತೆ ಇದೆಯೇ ಎಂದು ರಾಜ್ಯ ನರ್ಸಿಂಗ್ ಪರಿಷತ್ತನ್ನೇ ಕೇಳಿ. ಏಜೆಂಟರ ಮಾತು ನೆಚ್ಚಬೇಡಿ. 2023ರಲ್ಲಿ ಸಂಸತ್ತು ನರ್ಸಿಂಗ್‌ಗೆ ಹೊಸ ಕಾಯ್ದೆ ಮಾಡಿದೆ. ಹಳೆಯ ನಿಯಮಗಳನ್ನೇ ನಂಬಿ ಕೂರಬೇಡಿ.
• ಈ ವರ್ಷ ಪ್ರವೇಶವಿದೆಯೇ, ಪ್ರಾಯೋಗಿಕ ತರಗತಿ ಎಲ್ಲಿ, ಎಷ್ಟು ದಿನ ಎಂದು ತಿಳಿದುಕೊಳ್ಳಿ.
• ಸರ್ಕಾರಿ ನೌಕರಿಯಾಗಿದ್ದರೆ ಇಲಾಖೆಯ ಅನುಮತಿಯನ್ನು ಬರವಣಿಗೆಯಲ್ಲಿ ಪಡೆಯಿರಿ.

ಇನ್ನು ಮನೆಯವರ ಪಾಲು. ರಾತ್ರಿ ಪಾಳಿ ಮುಗಿಸಿ ಬಂದವಳಿಗೆ ಮೊದಲು ನಿದ್ದೆ, ಆಮೇಲೆ ಓದು. ಆ ಹೊತ್ತಿಗೆ ಬಾಗಿಲು ತಟ್ಟುವವರನ್ನು ನೀವೇ ಮಾತಾಡಿಸಿ ಕಳಿಸಿ. ವಾರಕ್ಕಾಗುವಷ್ಟು ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡಿಟ್ಟರೆ ದಿನಕ್ಕೆ ಒಂದು ಗಂಟೆಯಾದರೂ ಉಳಿಯುತ್ತದೆ. ಪರೀಕ್ಷೆಯ ತಿಂಗಳಲ್ಲಿ ಮಕ್ಕಳ ಊಟ, ಶಾಲೆಯ ಜವಾಬ್ದಾರಿ ಗಂಡನದಿರಲಿ. ಅವನಿಗೂ ಎರಡು ಕೈಗಳಿವೆಯಷ್ಟೆ!

ಮೂರು ವರ್ಷ ಎಂದರೆ ಮೂರು ದೀಪಾವಳಿ. ಓದಿದರೂ ಕಳೆಯುತ್ತವೆ, ಓದದಿದ್ದರೂ ಕಳೆಯುತ್ತವೆ. ಓದಿ ಕಳೆದರೆ ಅವಳ ಕೈಯಲ್ಲಿ ಒಪ್ಪಿತವಾದ ಡಿಗ್ರಿ ಉಳಿಯುತ್ತದೆ.